ಯುದ್ಧ ಮುಗಿದ ಮೇಲೂ ಮುಗಿಯದ ಯುದ್ಧ: ಮಾಜಿ ಸೈನಿಕರ ಮನಸ್ಸು ಮತ್ತು ಕೆಟಮೈನ್ ಚಿಕಿತ್ಸೆ

2022ನೇ ಇಸವಿಯಲ್ಲಿ ಅಮೆರಿಕದ 6,407 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ದಿನಕ್ಕೆ ಸರಾಸರಿ ಹದಿನೇಳಕ್ಕಿಂತ ಹೆಚ್ಚು ಮಂದಿ. ಇದು ಅಲ್ಲಿನ ಮಾಜಿ ಸೈನಿಕರ ಇಲಾಖೆಯೇ ಪ್ರಕಟಿಸಿದ ಲೆಕ್ಕ. ಅಲ್ಲಿ ಎಲ್ಲರ ಬಾಯಲ್ಲೂ ಆ ಇಲಾಖೆಯ ಹೆಸರು ‘ವಿಎ’. ಅಫ್ಘಾನಿಸ್ತಾನದಲ್ಲಿ ಇಪ್ಪತ್ತು ವರ್ಷ ನಡೆದ ಯುದ್ಧದಲ್ಲಿ ಪ್ರಾಣ ಬಿಟ್ಟ ಅಮೆರಿಕನ್ ಸೈನಿಕರು ಸುಮಾರು 2,400. ಎರಡು ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಆತ್ಮಹತ್ಯೆ ಮಾಡಿಕೊಂಡವರೆಲ್ಲ ಯುದ್ಧ ಕಂಡವರಲ್ಲ, ಎಲ್ಲರ ಕಾರಣವೂ ಒಂದೇ ಅಲ್ಲ, ನಿಜ. ಆದರೂ ಗಡಿಯಲ್ಲಿ ಉಳಿದ ಜೀವ ಮನೆಗೆ ಬಂದ ಮೇಲೆ ಹೋಗುತ್ತಿದೆ ಎಂಬುದು ಸುಲಭಕ್ಕೆ ಅರಗುವ ಮಾತಲ್ಲ.

ಈ ಸಂಕಟಕ್ಕೆ ಮದ್ದು ಹುಡುಕುತ್ತಿರುವವರು ಕಳೆದ ಕೆಲವು ವರ್ಷಗಳಿಂದ ಒಂದು ಹಳೆಯ ಔಷಧಿಯ ಕಡೆ ನೋಡುತ್ತಿದ್ದಾರೆ. ಅದರ ಹೆಸರು ಕೆಟಮೈನ್. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಗೆ ಕೊಡುವ ಮದ್ದು. ಪೊಲೀಸರು ಪಾರ್ಟಿಗಳ ಮೇಲೆ ದಾಳಿ ಮಾಡಿದಾಗ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವ ಹೆಸರೂ ಅದೇ.

ನನಗೆ ಈ ವಿಷಯದ ಪರಿಚಯವಾದದ್ದು ಆಫೀಸಿನ ಕೆಲಸದ ನಡುವೆ. ನಮ್ಮ ಕ್ಲೈಂಟ್ ಕಡೆಯ ತಂಡದಲ್ಲಿ ಇರಾಕ್‌ಗೆ ಎರಡು ಬಾರಿ ಹೋಗಿ ಬಂದಿದ್ದ ಒಬ್ಬ ಮ್ಯಾನೇಜರ್ ಇದ್ದರು. ವಾರಕ್ಕೆರಡು ದಿನ ಮಧ್ಯಾಹ್ನದ ಮೀಟಿಂಗ್‌ಗಳಿಗೆ ಅವರು ಬರುತ್ತಿರಲಿಲ್ಲ. ಒಂದು ರಾತ್ರಿ, ನಮ್ಮ ಪುಣೆಯ ಗಡಿಯಾರದಲ್ಲಿ ಹನ್ನೊಂದು ಗಂಟೆಗೆ, ಎಲ್ಲರೂ ಕಾಲ್ ಬಿಟ್ಟ ಮೇಲೆ ಅವರೇ ಕಾರಣ ಹೇಳಿದರು. ಆ ದಿನಗಳಲ್ಲಿ ಕೆಟಮೈನ್ ಹನಿಸಿಕೊಳ್ಳುತ್ತಾರೆ, ಹೆಂಡತಿ ಕಾರಿನಲ್ಲಿ ಕರೆದುಕೊಂಡು ಹೋಗಿ ಕರೆತರುತ್ತಾರೆ, ಮರುದಿನ ಮನಶ್ಶಾಸ್ತ್ರಜ್ಞೆಯ ಮುಂದೆ ಕೂತು ಮಾತಾಡುತ್ತಾರೆ. ‘ಔಷಧಿಗಿಂತ ಆ ಮರುದಿನವೇ ಕಷ್ಟ’ ಎಂದರು. ಆಗಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಅವರ ಆ ಮಾತೇ ದೊಡ್ಡದಾಗಿ ಕಾಣುತ್ತಿದೆ.

ಗಾಯಕ್ಕೆ ಹೆಸರು ಸಿಕ್ಕಿದ್ದು ತಡವಾಗಿ

ಯುದ್ಧ ಮನಸ್ಸನ್ನು ಕೆಡಿಸುತ್ತದೆ ಎಂಬುದು ಹೊಸ ಸಂಗತಿಯಲ್ಲ. ಮೊದಲ ಮಹಾಯುದ್ಧದಲ್ಲಿ ಕಂದಕಗಳಿಂದ ಬಂದ ಸೈನಿಕರು ಮಾತು ಕಳೆದುಕೊಂಡಿದ್ದರು, ಮೈ ನಡುಗುತ್ತಿತ್ತು, ಗಾಯವಿಲ್ಲದೆಯೂ ನಡೆಯಲಾರದಾಗಿದ್ದರು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ಇದನ್ನು ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಮೇಲಧಿಕಾರಿಗಳಲ್ಲಿ ಹಲವರು ಅದನ್ನು ಹೇಡಿತನವೆಂದೇ ಕರೆದರು. ವಿಯೆಟ್ನಾಂ ಯುದ್ಧದಿಂದ ಮರಳಿದವರು, ಅವರ ಪರ ನಿಂತ ಮನೋವೈದ್ಯರು ವರ್ಷಗಟ್ಟಲೆ ಹೋರಾಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಹೊಸ ರೋಗದ ಹೆಸರೊಂದು ಸೇರಿತು: ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ.

ಇದರ ಲಕ್ಷಣಗಳನ್ನು ಸರಳವಾಗಿ ನಾಲ್ಕು ಗುಂಪು ಮಾಡಬಹುದು. ಆದದ್ದು ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಕನಸಿನಲ್ಲೂ ಎಚ್ಚರದಲ್ಲೂ. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಓಡುವುದು. ‘ತಪ್ಪು ನನ್ನದೇ’, ‘ಯಾರನ್ನೂ ನಂಬುವಂತಿಲ್ಲ’ ಎಂಬ ಯೋಚನೆಗಳು ಬೇರೂರಿ, ಹೆಂಡತಿ ಮಕ್ಕಳ ಮೇಲಿನ ಪ್ರೀತಿಯೂ ಮರಗಟ್ಟಿದಂತಾಗುವುದು. ಕೊನೆಯದಾಗಿ, ಸದಾ ಕಾವಲು ನಿಂತ ಹಾಗಿರುವುದು: ನಿದ್ದೆ ಇಲ್ಲ, ಸಣ್ಣ ಸದ್ದಿಗೂ ಬೆಚ್ಚುವುದು, ಹೋಟೆಲಿಗೆ ಹೋದರೆ ಬೆನ್ನು ಗೋಡೆಗೆ ಕೊಟ್ಟು ಬಾಗಿಲ ಕಡೆ ಮುಖ ಮಾಡಿಯೇ ಕೂರುವುದು.

ಬಾಸ್ಟನ್‌ನ ಮಾಜಿ ಸೈನಿಕರ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದ ಮನೋವೈದ್ಯ ಜೊನಾಥನ್ ಶೇ 1994ರ ತಮ್ಮ ಪುಸ್ತಕದಲ್ಲಿ ವಿಯೆಟ್ನಾಂ ಸೈನಿಕರ ಮಾತುಗಳನ್ನು ಗ್ರೀಕ್ ಮಹಾಕಾವ್ಯದ ಅಕಿಲೀಸನ ಕಥೆಯ ಪಕ್ಕದಲ್ಲಿಟ್ಟು ಓದಿದರು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕುರುಕ್ಷೇತ್ರ ಗೆದ್ದ ಮೇಲೆ ಧರ್ಮರಾಯ ಸಿಂಹಾಸನ ಬೇಡ, ಕಾಡಿಗೆ ಹೋಗುತ್ತೇನೆ ಎಂದು ಕೂತದ್ದು ನಮಗೆ ಗೊತ್ತು. ಶಾಂತಿಪರ್ವ ಶುರುವಾಗುವುದೇ ಗೆದ್ದವನ ದುಃಖದಿಂದ. ಅವನಿಗೆ ಸಿಕ್ಕ ಚಿಕಿತ್ಸೆ ಯಾವುದು? ಶರಶಯ್ಯೆಯ ಮೇಲಿದ್ದ ಭೀಷ್ಮನ ಪಕ್ಕದಲ್ಲಿ ಕೂತು ನಡೆಸಿದ ಸಂವಾದ. ಮಹಾಭಾರತದಲ್ಲಿ ಅದಕ್ಕೆ ಮೀಸಲಾದ ಪುಟಗಳು ಯುದ್ಧದ ಹಲವು ಪರ್ವಗಳಿಗಿಂತ ಹೆಚ್ಚು.

ಇಂದೂ ಪಿಟಿಎಸ್‌ಡಿಗೆ ಮೊದಲ ಚಿಕಿತ್ಸೆ ಮಾತೇ. ನಡೆದದ್ದನ್ನು ತಜ್ಞರ ಎದುರು ಹಂತ ಹಂತವಾಗಿ ನೆನೆದು, ಹೇಳಿ, ಅದರ ಭಯವನ್ನು ಸವೆಸುವುದು ಒಂದು ವಿಧಾನ. ‘ನನ್ನಿಂದಲೇ ಸತ್ತ’ ಎಂಬಂಥ ಯೋಚನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಒರೆಗೆ ಹಚ್ಚುವುದು ಇನ್ನೊಂದು. ಮಾತ್ರೆಗಳ ಪಟ್ಟಿ ಚಿಕ್ಕದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಿಟಿಎಸ್‌ಡಿಗೆಂದು ಒಪ್ಪಿಗೆ ಕೊಟ್ಟ ಔಷಧಿಗಳು ಎರಡೇ: ಸರ್ಟ್ರಲೀನ್ ಮತ್ತು ಪ್ಯಾರಾಕ್ಸಿಟೀನ್. ಎರಡೂ ಮೂಲತಃ ಖಿನ್ನತೆಯ ಮಾತ್ರೆಗಳು, ಕೆಲಸ ಶುರು ಮಾಡಲು ವಾರಗಳು ಬೇಕು.

ಮಾತಿನ ಚಿಕಿತ್ಸೆಗೂ ಮಿತಿಯಿದೆ. ಸೈನಿಕರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚಿಕಿತ್ಸೆ ಪಡೆದ ಹಲವರಿಗೆ ಗುಣ ಕಂಡರೂ, ಸುಮಾರು ಮೂರನೇ ಎರಡು ಭಾಗದವರಲ್ಲಿ ಕಾಯಿಲೆ ಪೂರ್ತಿ ಬಿಟ್ಟುಹೋಗಿರಲಿಲ್ಲ. ಅರ್ಧಕ್ಕೇ ಬಿಟ್ಟು ಹೋಗುವವರೂ ಬಹಳ. ಯಾವುದನ್ನು ನೆನೆಯಬಾರದೆಂದು ಹತ್ತು ವರ್ಷ ಕುಡಿದರೋ ಅದನ್ನೇ ಬಾಯಿಬಿಟ್ಟು ಹೇಳಿ ಎಂದರೆ ಯಾರಿಗೆ ಸುಲಭ? ಕೆಟಮೈನ್ ಬಗ್ಗೆ ಆಸೆ ಹುಟ್ಟಿದ್ದು ಈ ತೊಡಕಿನಲ್ಲಿ.

ರಣರಂಗದಲ್ಲೇ ಬೆಳೆದ ಔಷಧಿ

ಕೆಟಮೈನ್ ಅನ್ನು 1962ರಲ್ಲಿ ಪಾರ್ಕ್-ಡೇವಿಸ್ ಕಂಪನಿಗಾಗಿ ತಯಾರಿಸಿದವರು ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞ. ಅದಕ್ಕೂ ಮೊದಲಿದ್ದ ಪಿಸಿಪಿ ಎಂಬ ಅರಿವಳಿಕೆ ರೋಗಿಗಳಲ್ಲಿ ಗಂಟೆಗಟ್ಟಲೆ ಭ್ರಾಂತಿ ಹುಟ್ಟಿಸುತ್ತಿತ್ತು. ಅದಕ್ಕಿಂತ ಸೌಮ್ಯವಾದದ್ದು ಬೇಕಿತ್ತು. 1964ರಲ್ಲಿ ಮಿಷಿಗನ್ ರಾಜ್ಯದ ಜೈಲಿನ ಕೈದಿಗಳ ಮೇಲೆ ಮೊದಲ ಮಾನವ ಪ್ರಯೋಗ ನಡೆಯಿತು. ಕಣ್ಣು ತೆರೆದೇ ಇದೆ, ಉಸಿರು ಸರಾಗವಾಗಿದೆ, ಆದರೆ ನೋವಿನ ಅರಿವಿಲ್ಲ, ದೇಹ ತನ್ನದಲ್ಲವೆಂಬಂತೆ ದೂರವಾಗಿದೆ. ಪ್ರಯೋಗ ನಡೆಸಿದ ಎಡ್ವರ್ಡ್ ಡೊಮಿನೊ ಅವರ ಪತ್ನಿ ಈ ಸ್ಥಿತಿಗೆ ಹೊಸ ಹೆಸರೊಂದನ್ನು ಸೂಚಿಸಿದರು. ಮನಸ್ಸನ್ನು ದೇಹದಿಂದ ಬೇರ್ಪಡಿಸುವ ಅರಿವಳಿಕೆ ಎಂಬುದು ಅದರ ಅರ್ಥ.

1970ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಉಸಿರಾಟವನ್ನು ಕುಗ್ಗಿಸದ, ರಕ್ತದೊತ್ತಡ ಇಳಿಸದ ಈ ಮದ್ದು ರಕ್ತ ಸುರಿಯುತ್ತಿದ್ದ ಗಾಯಾಳುಗಳಿಗೆ ಹೇಳಿಮಾಡಿಸಿದಂತಿತ್ತು. ದೊಡ್ಡ ಯಂತ್ರಗಳಿಲ್ಲದ ಸಣ್ಣ ಊರಿನ ಆಸ್ಪತ್ರೆಗಳಿಗೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಕೆಟಮೈನ್ ದಶಕಗಳಿಂದ ಇದೆ. ಭಾರತದ ಆಸ್ಪತ್ರೆಗಳಲ್ಲೂ ಅರಿವಳಿಕೆ ತಜ್ಞರ ಕೈಯಲ್ಲಿ ಅದು ದಿನಬಳಕೆಯ ಮದ್ದು.

ಮನಸ್ಸಿನ ಚಿಕಿತ್ಸೆಗೆ ಅದನ್ನು ಬಳಸಿದ ಮೊದಲಿಗರಲ್ಲಿ ರಷ್ಯಾದ ಎವ್ಗೆನಿ ಕ್ರುಪಿಟ್ಸ್ಕಿ ಒಬ್ಬರು. ಇಂದಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರು 1980ರ ದಶಕದಿಂದ ಕುಡಿತದ ಚಟದವರಿಗೆ ಕೆಟಮೈನ್ ಕೊಟ್ಟು, ಅದರ ಹಿಂದೆ ಮುಂದೆ ದೀರ್ಘ ಮಾತುಕತೆ ನಡೆಸಿದರು. 1997ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಈ ಚಿಕಿತ್ಸೆ ಪಡೆದ 111 ಮಂದಿಯಲ್ಲಿ 73 ಮಂದಿ ಒಂದು ವರ್ಷಕ್ಕೂ ಮೀರಿ ಕುಡಿತ ಬಿಟ್ಟಿದ್ದರು. ಸಾಮಾನ್ಯ ಚಿಕಿತ್ಸೆ ಪಡೆದ 100 ಮಂದಿಯಲ್ಲಿ ಬಿಟ್ಟವರು 24. ಇಂದು ‘ಕೆಟಮೈನ್ ನೆರವಿನ ಮನೋಚಿಕಿತ್ಸೆ’ ಎನ್ನುವುದರ ಮೂಲರೂಪ ಇಲ್ಲಿದೆ.

ಮಿದುಳಿನಲ್ಲಿ ಆಗುವುದೇನು?

ದೊಡ್ಡ ತಿರುವು 2000ರಲ್ಲಿ ಬಂತು. ಯೇಲ್ ವಿಶ್ವವಿದ್ಯಾಲಯದ ಜಾನ್ ಕ್ರಿಸ್ಟಲ್ ಮತ್ತು ಸಂಗಡಿಗರು ಖಿನ್ನತೆಯ ಬೆರಳೆಣಿಕೆಯಷ್ಟು ರೋಗಿಗಳಿಗೆ ಅರಿವಳಿಕೆಗಿಂತ ಬಹಳ ಕಡಿಮೆ ಪ್ರಮಾಣದ ಕೆಟಮೈನ್ ಕೊಟ್ಟರು: ದೇಹದ ತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಗ್ರಾಂ, 40 ನಿಮಿಷ ಹನಿಹನಿಯಾಗಿ. ವಾರಗಳಲ್ಲಿ ಆಗಬೇಕಾದ ಸುಧಾರಣೆ ಮೂರು ದಿನದೊಳಗೆ ಕಂಡಿತು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ಅವರ ತಂಡ ಬೇರೆ ಔಷಧಿಗಳಿಗೆ ಬಗ್ಗದ ಖಿನ್ನತೆ ಇದ್ದ 18 ಮಂದಿಯ ಮೇಲೆ ಇದೇ ಪ್ರಯೋಗ ಮಾಡಿತು. ಕೆಟಮೈನ್ ಪಡೆದವರಲ್ಲಿ 71% ಮಂದಿಗೆ ಒಂದೇ ದಿನದಲ್ಲಿ ಗಣನೀಯ ಗುಣ ಕಂಡಿತು. ಆದರೆ ಆ ಗುಣ ವಾರದವರೆಗೆ ಉಳಿದದ್ದು 35% ಮಂದಿಗೆ ಮಾತ್ರ. ಈ ಎರಡನೆಯ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸಾಮಾನ್ಯ ಖಿನ್ನತೆಯ ಮಾತ್ರೆಗಳು ಸೆರೊಟೋನಿನ್ ಮೇಲೆ ಕೆಲಸ ಮಾಡುತ್ತವೆ. ಕೆಟಮೈನ್ ಹಿಡಿಯುವುದು ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ದಾರಿಯನ್ನು. ನರಕೋಶಗಳ ಮೇಲೆ ಗ್ಲುಟಮೇಟ್ ಬಂದು ಕೂರುವ ಒಂದು ಬಗೆಯ ಗ್ರಾಹಕವನ್ನು ಅದು ಕೆಲ ಹೊತ್ತು ಮುಚ್ಚುತ್ತದೆ. ಅದರಿಂದ ಶುರುವಾಗುವ ಸರಣಿ ಕ್ರಿಯೆಯಲ್ಲಿ ಕೋಶಗಳ ನಡುವೆ ಹೊಸ ಕೊಂಡಿಗಳು ಚಿಗುರುತ್ತವೆ. ಯೇಲ್‌ನ ರೊನಾಲ್ಡ್ ಡೂಮನ್ ಮತ್ತು ಸಂಗಡಿಗರು 2010ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ದೀರ್ಘಕಾಲದ ಒತ್ತಡ ಇಂಥ ಕೊಂಡಿಗಳನ್ನು ಒಣಗಿಸುತ್ತದೆ. ಕೆಟಮೈನ್ ಕೊಟ್ಟ ಒಂದೇ ದಿನದಲ್ಲಿ ಅವು ಮತ್ತೆ ಮೂಡಿದವು.

ಹಾಗಾದರೆ ಹೊಸ ಕೊಂಡಿಗಳು ಮೂಡುತ್ತಿರುವ ಕೆಲವು ದಿನಗಳಲ್ಲಿ ಮನಸ್ಸು ಹೊಸದನ್ನು ಕಲಿಯಲು, ಹಳೆಯ ಭಯವನ್ನು ಬಿಡಲು ಹೆಚ್ಚು ಸಿದ್ಧವಾಗಿರುತ್ತದೆಯೇ? ಇರುತ್ತದೆ ಎಂಬ ಊಹೆಯ ಮೇಲೆಯೇ ಈ ಚಿಕಿತ್ಸೆ ನಿಂತಿದೆ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಸರ್ವರ್ ರೀಸ್ಟಾರ್ಟ್ ಮಾಡಿದರೆ ಸಿಸ್ಟಮ್ ಕೆಲ ಹೊತ್ತು ಚೆನ್ನಾಗಿಯೇ ಓಡುತ್ತದೆ. ಆ ಹೊತ್ತಿನಲ್ಲಿ ಕೂತು ಕೋಡ್ ಸರಿ ಮಾಡದಿದ್ದರೆ ಅದೇ ಎರರ್ ಮತ್ತೆ ಬರುತ್ತದೆ.

ಚಿಕಿತ್ಸೆ ನಡೆಯುವ ಬಗೆ

ಸರಿಯಾಗಿ ನಡೆಸುವ ಕಡೆ ಇದಕ್ಕೆ ಮೂರು ಹಂತಗಳಿವೆ.

ಮೊದಲನೆಯದು ತಯಾರಿ. ದೇಹದ ತಪಾಸಣೆ ಆಗಬೇಕು. ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇದ್ದವರಿಗೆ, ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು. ನಂತರ ಚಿಕಿತ್ಸಕರ ಜೊತೆ ಒಂದೆರಡು ಬಾರಿ ಕೂತು ಮಾತಾಡಬೇಕು. ಏಕೆ ಬಂದಿದ್ದೀರಿ, ಏನು ಬದಲಾಗಬೇಕು, ಔಷಧಿಯ ಹೊತ್ತಿನಲ್ಲಿ ಭಯವಾದರೆ ಏನು ಮಾಡಬೇಕು ಎಂಬುದೆಲ್ಲ ಆಗಲೇ ತೀರ್ಮಾನವಾಗುತ್ತದೆ. ಸೈನಿಕನಿಗೆ ಈ ಹಂತ ಮುಖ್ಯ. ಕಾವಲು ಬಿಡಬಾರದೆಂದು ಕಲಿತವನನ್ನು ಕಣ್ಣುಪಟ್ಟಿ ಕಟ್ಟಿ ಮಲಗಿಸಬೇಕಾದರೆ ಪಕ್ಕದಲ್ಲಿರುವವರ ಮೇಲೆ ನಂಬಿಕೆ ಬೇಕು.

ಎರಡನೆಯದು ಔಷಧಿಯ ದಿನ. ನರಕ್ಕೆ ಹನಿಸುವುದು ಹೆಚ್ಚು ಅಧ್ಯಯನವಾದ ವಿಧಾನ. ಸ್ನಾಯುವಿಗೆ ಇಂಜೆಕ್ಷನ್, ನಾಲಿಗೆಯ ಕೆಳಗಿಡುವ ಗುಳಿಗೆಗಳೂ ಬಳಕೆಯಲ್ಲಿವೆ. ಮಂದ ಬೆಳಕು, ಮೆಲುವಾದ ಸಂಗೀತ, ರಕ್ತದೊತ್ತಡ ನೋಡುತ್ತಿರುವ ನರ್ಸ್, ಪಕ್ಕದಲ್ಲಿ ಚಿಕಿತ್ಸಕರು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮನಸ್ಸು ದೇಹದಿಂದ ಸಡಿಲಾದಂತಿರುತ್ತದೆ. ಕೆಲವರಿಗೆ ಹಗುರ, ಕೆಲವರಿಗೆ ಗಾಬರಿ, ಕೆಲವರಿಗೆ ವಾಕರಿಕೆ. ಹಳೆಯ ನೆನಪುಗಳು ಬರಬಹುದು. ಬಂದರೂ ದೂರದಿಂದ ನೋಡಿದಂತೆ, ಮೈಸುಡದಂತೆ ಬರುತ್ತವೆ ಎಂದು ಹಲವರು ಹೇಳುತ್ತಾರೆ. ಆ ದಿನ ಗಾಡಿ ಓಡಿಸುವಂತಿಲ್ಲ.

ಮೂರನೆಯದು ಮರುದಿನದ, ನಂತರದ ದಿನಗಳ ಕೂಟಗಳು. ಕಂಡದ್ದೇನು, ಅದಕ್ಕೂ ಬದುಕಿಗೂ ಏನು ಸಂಬಂಧ, ಈ ವಾರ ಮನೆಯಲ್ಲಿ ಏನನ್ನು ಬೇರೆ ರೀತಿ ಮಾಡಬಹುದು. ಮಗನ ಕ್ರಿಕೆಟ್ಟೋ ಬೇಸ್‌ಬಾಲೋ ನೋಡಲು ಗುಂಪಿನ ನಡುವೆ ಕೂರಲಾದೀತೇ? ಸತ್ತ ಗೆಳೆಯನ ತಾಯಿಗೆ ಫೋನ್ ಮಾಡಲಾದೀತೇ? ನನ್ನ ಸಹೋದ್ಯೋಗಿ ‘ಕಷ್ಟ’ ಎಂದದ್ದು ಈ ಹಂತವನ್ನು. ಎರಡರಿಂದ ನಾಲ್ಕು ವಾರಗಳಲ್ಲಿ ಆರರ ಆಸುಪಾಸು ಬಾರಿ ಔಷಧಿ ಕೊಡುವುದು ವಾಡಿಕೆ.

ಪ್ರಯೋಗಗಳು ಏನು ಹೇಳುತ್ತವೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಆಸೆ ಹುಟ್ಟಿಸುವ ವರದಿಗಳಿವೆ, ತಣ್ಣೀರೆರಚುವ ವರದಿಗಳೂ ಇವೆ.

2014ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯ ಏಡ್ರಿಯಾನಾ ಫೆಡರ್ ಅವರ ತಂಡ ಹಳೆಯ ಪಿಟಿಎಸ್‌ಡಿ ಇದ್ದ 41 ಮಂದಿಯ ಮೇಲೆ ಪ್ರಯೋಗ ನಡೆಸಿತು. ಒಂದೇ ಬಾರಿ ಕೊಟ್ಟ ಕೆಟಮೈನ್, ಹೋಲಿಕೆಗೆಂದು ಕೊಟ್ಟ ನಿದ್ದೆ ಬರಿಸುವ ಮದ್ದಿಗಿಂತ ಹೆಚ್ಚು ಗುಣ ತೋರಿತು, ಅದೂ 24 ಗಂಟೆಯಲ್ಲಿ. 2021ರಲ್ಲಿ ಅದೇ ತಂಡ 30 ಮಂದಿಗೆ ಎರಡು ವಾರಗಳಲ್ಲಿ ಆರು ಬಾರಿ ಕೊಟ್ಟು ನೋಡಿತು. ಕೆಟಮೈನ್ ಗುಂಪಿನ 67% ಮಂದಿಗೆ ಗುಣ ಕಂಡಿತು, ಇನ್ನೊಂದು ಗುಂಪಿನಲ್ಲಿ 20% ಮಂದಿಗೆ. ಆದರೆ ಗುಣ ಕಂಡವರಲ್ಲಿ ಅದು ಉಳಿದದ್ದು ಹೆಚ್ಚುಕಡಿಮೆ ನಾಲ್ಕು ವಾರ. ಈ ಎರಡು ಪ್ರಯೋಗಗಳಲ್ಲಿದ್ದವರು ಹೆಚ್ಚಾಗಿ ನಾಗರಿಕರು.

ಸೈನಿಕರ ಮೇಲೆಯೇ ನಡೆದ ದೊಡ್ಡ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ವಿಎ ಆಸ್ಪತ್ರೆಗಳು ಹಾಗೂ ಟೆಕ್ಸಸ್‌ನ ಸ್ಯಾನ್ ಆಂಟೊನಿಯೊದ ಸೇನಾ ಆಸ್ಪತ್ರೆಯಲ್ಲಿ 158 ಮಂದಿ ಹಾಲಿ ಮತ್ತು ಮಾಜಿ ಸೈನಿಕರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಔಷಧಿಯಿಲ್ಲದ ದ್ರವ, ಒಂದಕ್ಕೆ ಕಡಿಮೆ ಪ್ರಮಾಣ, ಇನ್ನೊಂದಕ್ಕೆ ಪೂರ್ಣ ಪ್ರಮಾಣ, ನಾಲ್ಕು ವಾರಗಳಲ್ಲಿ ಎಂಟು ಬಾರಿ ಕೊಟ್ಟರು. ಖಿನ್ನತೆ ಬೇಗ ಇಳಿಯಿತು. ಆದರೆ ಪಿಟಿಎಸ್‌ಡಿಯ ಲಕ್ಷಣಗಳಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅದೇ ಸ್ಯಾನ್ ಆಂಟೊನಿಯೊದಿಂದ 2008ರಲ್ಲಿ ಬಂದ ವರದಿಯೊಂದು ಸುಟ್ಟಗಾಯದ ಸೈನಿಕರಿಗೆ ಶಸ್ತ್ರಚಿಕಿತ್ಸೆಯಲ್ಲಿ ಕೆಟಮೈನ್ ಕೊಟ್ಟಿದ್ದರೆ ಪಿಟಿಎಸ್‌ಡಿ ಕಡಿಮೆ ಎಂದಿತ್ತು. 2014ರಲ್ಲಿ ಅದೇ ತಂಡದ ಇನ್ನೊಂದು ವರದಿಯಲ್ಲಿ ಆ ಲಾಭ ಕಾಣಲಿಲ್ಲ. 2023ರಲ್ಲಿ ವಿಎ ಮತ್ತು ಅಮೆರಿಕದ ರಕ್ಷಣಾ ಇಲಾಖೆ ಸೇರಿ ಹೊರಡಿಸಿದ ಮಾರ್ಗಸೂಚಿ ಪಿಟಿಎಸ್‌ಡಿಗೆ ಔಷಧಿಗಿಂತ ಮಾತಿನ ಚಿಕಿತ್ಸೆಗೇ ಮೊದಲ ಸ್ಥಾನ ಕೊಟ್ಟಿತು. ಪಿಟಿಎಸ್‌ಡಿಗೆಂದೇ ಕೆಟಮೈನ್ ಬಳಸುವುದು ಬೇಡ ಎಂಬ ಕಡೆಗೇ ಅದರ ಸಲಹೆ ವಾಲಿತು.

ಹಾಗಾದರೆ ಕಥೆ ಮುಗಿಯಿತೇ? ಇಲ್ಲ, ಎರಡು ಕಾರಣಕ್ಕೆ.

ಒಂದು, ಯುದ್ಧದಿಂದ ಬಂದವರಲ್ಲಿ ಪಿಟಿಎಸ್‌ಡಿ ಒಂಟಿಯಾಗಿ ಬರುವುದು ಕಡಿಮೆ. ಖಿನ್ನತೆಯೂ ಕುಡಿತವೂ ಜೊತೆಗಿರುತ್ತವೆ. ಖಿನ್ನತೆಯ ಮಟ್ಟಿಗೆ ಕೆಟಮೈನ್‌ನ ಆಧಾರ ಗಟ್ಟಿಯಾಗಿದೆ. ಅದರ ಸಹೋದರ ಔಷಧಿ ಎಸ್‌ಕೆಟಮೈನ್‌ನ ಮೂಗಿನ ಸ್ಪ್ರೇಗೆ ಎಫ್‌ಡಿಎ 2019ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನೋಂದಾಯಿತ ಕೇಂದ್ರದಲ್ಲೇ ತೆಗೆದುಕೊಳ್ಳಬೇಕು, ನಂತರ ಕನಿಷ್ಠ ಎರಡು ಗಂಟೆ ಅಲ್ಲೇ ಇರಬೇಕು ಎಂಬುದು ಷರತ್ತು. ಅದೇ ವರ್ಷ ವಿಎ ಆಸ್ಪತ್ರೆಗಳಲ್ಲೂ ಅದು ಲಭ್ಯವಾಯಿತು. ವಿಎ ಆಸ್ಪತ್ರೆಗಳಲ್ಲಿ ಕೆಟಮೈನ್ ಹನಿಸಿಕೊಂಡ, ಬೇರೆ ಚಿಕಿತ್ಸೆಗಳಿಗೆ ಬಗ್ಗದ ಖಿನ್ನತೆಯ 215 ಮಾಜಿ ಸೈನಿಕರ ದಾಖಲೆಗಳನ್ನು ನೋಡಿದಾಗ, ಆರು ವಾರದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ಖಿನ್ನತೆ ಅರ್ಧಕ್ಕರ್ಧ ಇಳಿದಿತ್ತು. ಪವಾಡವಲ್ಲ. ಆದರೆ ಎಲ್ಲ ಪ್ರಯತ್ನಗಳೂ ಸೋತವರಲ್ಲಿ ನಾಲ್ವರಲ್ಲೊಬ್ಬ ಎದ್ದು ಕೂತರೆ ಅದು ಸಣ್ಣ ಮಾತೂ ಅಲ್ಲ.

ಎರಡು, 158 ಮಂದಿಯ ಆ ಪ್ರಯೋಗ ಪರೀಕ್ಷಿಸಿದ್ದು ಔಷಧಿಯನ್ನು. ಔಷಧಿಗೆ ಹೆಣೆದುಕೊಂಡ ಮಾತಿನ ಚಿಕಿತ್ಸೆಯನ್ನಲ್ಲ. ಅವೆರಡನ್ನೂ ಜೋಡಿಸಿ ನೋಡುವ ಕೆಲಸ ಈಗ ನಡೆಯುತ್ತಿದೆ. ಮಿನಿಯಾಪೊಲಿಸ್‌ನ ವಿಎ ಆಸ್ಪತ್ರೆಯಲ್ಲಿ, ಯೇಲ್‌ನಲ್ಲಿ ಸಣ್ಣ ಪ್ರಯೋಗಗಳಾಗಿವೆ. ಯೇಲ್‌ನ ಪ್ರಯೋಗದಲ್ಲಿ ಮಾತಿನ ಚಿಕಿತ್ಸೆ ಪಡೆದ ಎರಡೂ ಗುಂಪಿನವರಿಗೆ ಗುಣ ಕಂಡಿತು. ಕೆಟಮೈನ್ ಪಡೆದವರಲ್ಲಿ ಕಹಿ ನೆನಪು ಕೇಳಿಸಿದಾಗ ಮಿದುಳಿನ ಭಯದ ಕೇಂದ್ರ ಹೆಚ್ಚು ಶಾಂತವಾಗಿತ್ತು. ಬ್ರಿಟನ್ನಿನಲ್ಲಿ ಕುಡಿತ ಬಿಡಲು ಹೊರಟ 96 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಕೆಟಮೈನ್ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದ ಗುಂಪೇ ಹೆಚ್ಚು ದಿನ ಕುಡಿಯದೆ ಉಳಿಯಿತು.

2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂದ ಇನ್ನೊಂದು ಪ್ರಯೋಗವೂ ಯೋಚನೆಗೆ ಹಚ್ಚುತ್ತದೆ. ಖಿನ್ನತೆ ಇದ್ದ 40 ಮಂದಿಗೆ ಬೇರೆ ಯಾವುದೋ ಶಸ್ತ್ರಚಿಕಿತ್ಸೆಗೆಂದು ಪೂರ್ಣ ಅರಿವಳಿಕೆ ಕೊಟ್ಟಿದ್ದಾಗ, ಅರ್ಧ ಮಂದಿಗೆ ಕೆಟಮೈನ್, ಉಳಿದವರಿಗೆ ಬರೀ ಸಲೈನ್ ಹಾಕಿದರು. ಯಾರಿಗೆ ಏನು ಸಿಕ್ಕಿತೆಂದು ರೋಗಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡೂ ಗುಂಪಿನವರ ಖಿನ್ನತೆ ಸರಿಸುಮಾರು ಒಂದೇ ಮಟ್ಟಕ್ಕೆ ಇಳಿಯಿತು. ನಿರೀಕ್ಷೆಗೆ, ಯಾರೋ ನನ್ನನ್ನು ನೋಡಿಕೊಳ್ಳುತ್ತಿದ್ದಾರೆ ಎಂಬ ಭಾವಕ್ಕೆ ಎಷ್ಟು ಬಲವಿದೆಯೆಂದು ಇದರಿಂದ ಊಹಿಸಬಹುದು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಕೆಟಮೈನ್ ಒಂದು ಬಾಗಿಲನ್ನು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ತೆರೆದಿಡುತ್ತದೆ. ಅಷ್ಟರಲ್ಲಿ ಕೈಹಿಡಿದು ದಾಟಿಸುವ ಮನುಷ್ಯರಿಲ್ಲದಿದ್ದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಬಾಗಿಲನ್ನಷ್ಟೇ ಮಾರುವವರು

ತೊಂದರೆ ಇರುವುದೂ ಇಲ್ಲೇ. ಔಷಧಿ ಮಾರುವುದು ಸುಲಭ, ದಾಟಿಸುವುದು ಕಷ್ಟ, ದುಬಾರಿ. ಹಳೆಯ ಔಷಧಿಯಾದ ಕೆಟಮೈನ್‌ನ ಬೆಲೆ ಕಡಿಮೆ. ಆದರೂ ಅಮೆರಿಕದ ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ಬಾರಿ ಹನಿಸಲು ಸಾಮಾನ್ಯವಾಗಿ 400ರಿಂದ 800 ಡಾಲರ್ ತೆಗೆದುಕೊಳ್ಳುತ್ತಾರೆ, ಬಹಳಷ್ಟು ವಿಮೆಗಳು ಅದನ್ನು ಕೊಡುವುದಿಲ್ಲ. ಮಾತುಕತೆಯೇ ಇಲ್ಲದೆ ಕುರ್ಚಿಯಲ್ಲಿ ಕೂರಿಸಿ ಹನಿಸಿ ಕಳಿಸುವ ಕ್ಲಿನಿಕ್‌ಗಳಿವೆ. ಕೋವಿಡ್ ಕಾಲದಲ್ಲಿ ವಿಡಿಯೊ ಕಾಲ್ ಮಾಡಿ ಗುಳಿಗೆಗಳನ್ನು ಅಂಚೆಯಲ್ಲಿ ಮನೆಗೇ ಕಳಿಸುವ ವ್ಯಾಪಾರವೂ ಬೆಳೆಯಿತು. 2023ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಇದರ ವಿರುದ್ಧ ಎಚ್ಚರಿಕೆ ಹೊರಡಿಸಿತು. ಮೇಲ್ವಿಚಾರಣೆ ಇಲ್ಲದೆ ಮನೆಯಲ್ಲಿ ತೆಗೆದುಕೊಂಡರೆ ರಕ್ತದೊತ್ತಡ ಏರಬಹುದು, ಉಸಿರು ಕುಗ್ಗಬಹುದು, ಮೂತ್ರಕೋಶಕ್ಕೆ ಹಾನಿಯಾಗಬಹುದು.

ಅದೇ ತಿಂಗಳ 28ರಂದು ‘ಫ್ರೆಂಡ್ಸ್’ ಧಾರಾವಾಹಿಯ ನಟ ಮ್ಯಾಥ್ಯೂ ಪೆರಿ ತೀರಿಕೊಂಡರು. ಕೆಟಮೈನ್‌ನ ತೀವ್ರ ಪರಿಣಾಮವೇ ಸಾವಿನ ಮುಖ್ಯ ಕಾರಣವೆಂದು ಶವಪರೀಕ್ಷೆ ಹೇಳಿತು. ಅವರು ಖಿನ್ನತೆಗೆ ಕೆಟಮೈನ್ ಚಿಕಿತ್ಸೆ ಪಡೆಯುತ್ತಿದ್ದರು, ಆದರೆ ಜೀವ ತೆಗೆದದ್ದು ಆಸ್ಪತ್ರೆಯ ಹೊರಗೆ ಕಳ್ಳದಾರಿಯಲ್ಲಿ ಸಿಕ್ಕ ಕೆಟಮೈನ್. ಚಟ ಹಿಡಿಸುವ ಶಕ್ತಿ ಈ ಮದ್ದಿಗಿದೆ. ಮೊದಲೇ ಕುಡಿತಕ್ಕೆ, ನೋವಿನ ಮಾತ್ರೆಗೆ ಒಗ್ಗಿಹೋದ ಮಾಜಿ ಸೈನಿಕನ ಕೈಗೆ ಅದನ್ನು ಅಂಚೆಯಲ್ಲಿ ಕಳಿಸುವುದು ಚಿಕಿತ್ಸೆಯಾಗಲಾರದು.

ನಮ್ಮ ಸುತ್ತಲಿನ ಸೈನಿಕರು

ಅಮೆರಿಕದ ಸುದ್ದಿ ನಮಗೇಕೆ ಎಂದು ನೀವು ಕೇಳಬಹುದು. ಪುಣೆ, ಹೈದರಾಬಾದ್, ಮುಂಬೈಗಳಲ್ಲಿ ಕೆಲಸ ಮಾಡುವ ನಾವು ಪ್ರತಿದಿನ ಬೆಳಿಗ್ಗೆ ಐಡಿ ಕಾರ್ಡ್ ತೋರಿಸುವುದು ಬಹಳ ಸಲ ಒಬ್ಬ ಮಾಜಿ ಸೈನಿಕನಿಗೇ. ಐಟಿ ಪಾರ್ಕುಗಳ ಸೆಕ್ಯುರಿಟಿಯಲ್ಲಿ ಅವರು ಬಹಳ. ನಮ್ಮ ಕಟ್ಟಡದ ಸೂಪರ್‌ವೈಸರ್ ಗೋಕಾಕ ಕಡೆಯವರು, ಸೇನೆಯಲ್ಲಿ ಹದಿನೇಳು ವರ್ಷ ಇದ್ದು ಬಂದವರು. ನಾನು ಕನ್ನಡದವನೆಂದು ತಿಳಿದ ದಿನದಿಂದ ನನಗವರು ಕಾಕಾ. ಒಂದು ದೀಪಾವಳಿಯ ಮರುದಿನ ಕಣ್ಣು ಕೆಂಪಾಗಿತ್ತು. ಪಟಾಕಿ ಸದ್ದಿಗೆ ನಿದ್ದೆ ಬರಲಿಲ್ಲವೇ ಎಂದು ಕೇಳಿದೆ. ‘ಸಪ್ಪಳಕ್ಕ ಏನೂ ಆಗಂಗಿಲ್ರೀ ಸರ್. ಸಪ್ಪಳ ನಿಂತ ಮ್ಯಾಲ ಸುಮ್ಮ ಆಗ್ತದಲ್ಲ, ಅವಾಗ ಎದಿ ಹಿಡಿದಂಗ ಆಗ್ತದ’ ಎಂದರು. ಡಾಕ್ಟರಿಗೆ ತೋರಿಸಿದ್ದೀರಾ ಎಂದಾಗ ನಕ್ಕರು. ‘ಮೊಣಕಾಲಿಗೆ ತೋರಿಸೇನ್ರಿ. ಇದಕ್ಯಾವ ಡಾಕ್ಟರ್?’

ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಪುನರ್ವಸತಿ ಕೇಂದ್ರವಿದೆ. ಅಲ್ಲಿನ ಗಾಲಿಕುರ್ಚಿಗಳನ್ನು ಕಂಡರೆ ಯಾರೂ ‘ಧೈರ್ಯ ತಂದುಕೋ, ಎದ್ದು ನಡಿ’ ಎನ್ನುವುದಿಲ್ಲ. ಮನಸ್ಸಿನ ಗಾಯಕ್ಕೆ ಮಾತ್ರ ಇಂದಿಗೂ ಹಾಗೆನ್ನುತ್ತೇವೆ.

ಭಾರತದಲ್ಲಿ ಕೆಟಮೈನ್ ಮೇಲೆ ಕಾನೂನಿನ ಹಿಡಿತ ಬಿಗಿಯಾಗಿದೆ. 2011ರಲ್ಲಿ ಅದನ್ನು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದರು. 2013ರಲ್ಲಿ ಔಷಧಿ ನಿಯಮಗಳ ಷೆಡ್ಯೂಲ್ ಎಕ್ಸ್‌ಗೆ ಸೇರಿಸಿದರು. ಅಂಗಡಿಯವರು ವೈದ್ಯರ ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಬೇರೆ ಮದ್ದಿಗೆ ಬಗ್ಗದ ಖಿನ್ನತೆಗೆ ಕೆಲವು ಆಸ್ಪತ್ರೆಗಳಲ್ಲಿ ಮನೋವೈದ್ಯರು ಅರಿವಳಿಕೆ ತಜ್ಞರ ಜೊತೆಗೂಡಿ ಕೆಟಮೈನ್ ಕೊಡುತ್ತಾರೆ. ಆದರೆ ಮಾಜಿ ಸೈನಿಕರಿಗೆಂದು ಮಾತಿನ ಚಿಕಿತ್ಸೆಯ ಜೊತೆ ಹೆಣೆದ ಕೆಟಮೈನ್ ನಮ್ಮಲ್ಲಿ ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಬಾಗಿಲು ತೆರೆಯುವ ಮದ್ದು ಬರುವ ಮೊದಲು ದಾಟಿಸುವ ಜನ ತಯಾರಾಗಬೇಕು. ಆ ಕೆಲಸ ಅಲ್ಲಲ್ಲಿ ಶುರುವಾಗಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು, ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 2023ರ ಡಿಸೆಂಬರ್‌ನಲ್ಲಿ ಸೇನಾಪಡೆಗಳವರಿಗಾಗಿಯೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರತ್ಯೇಕ ಘಟಕ ತೆರೆಯಿತು.

ಮನೆಯವರು, ನೆರೆಯವರು ಮಾಡಬಹುದಾದದ್ದು

ನಿಮ್ಮ ಮನೆಯಲ್ಲೋ ಊರಿನಲ್ಲೋ ಸೇನೆಯಿಂದ ಬಂದವರಿದ್ದರೆ, ನಿದ್ದೆ ಕೆಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ, ಜನರಿಂದ ದೂರವಾಗುತ್ತಿದ್ದರೆ ಅದನ್ನು ಸ್ವಭಾವವೆಂದು ಬಿಟ್ಟುಬಿಡಬೇಡಿ. ಯುದ್ಧದ ಕಥೆ ಹೇಳಿ ಎಂದು ಒತ್ತಾಯಿಸಬೇಡಿ. ‘ನಿದ್ದೆ ಹೇಗಿದೆ?’ ಎಂದು ಕೇಳಿ, ಅಲ್ಲಿಂದ ಮಾತು ತಾನಾಗಿ ಬರುತ್ತದೆ. ಪಿಂಚಣಿದಾರ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ ಇಸಿಎಚ್‌ಎಸ್ ಯೋಜನೆಯ ಪಾಲಿಕ್ಲಿನಿಕ್‌ಗಳಿವೆ, ಅಲ್ಲಿಂದ ಮನೋವೈದ್ಯರ ಬಳಿಗೆ ಕಳಿಸಿಕೊಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಯಂತೆ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕು.

ಯಾರಾದರೂ ಕೆಟಮೈನ್ ಚಿಕಿತ್ಸೆ ಕೊಡುತ್ತೇವೆಂದು ಬಂದರೆ ನಾಲ್ಕು ಪ್ರಶ್ನೆ ಕೇಳಿ. ಮನೋವೈದ್ಯರು ಮೊದಲು ಪೂರ್ತಿ ತಪಾಸಣೆ ಮಾಡುತ್ತಾರೆಯೇ? ಔಷಧಿ ಕೊಡುವಾಗ ಉಸಿರು, ರಕ್ತದೊತ್ತಡ ನೋಡಿಕೊಳ್ಳಲು ತರಬೇತಾದವರು ಪಕ್ಕದಲ್ಲಿರುತ್ತಾರೆಯೇ? ಮರುದಿನ ಕೂತು ಮಾತಾಡುವವರು ಯಾರು? ಗುಣ ಇಳಿಯತೊಡಗಿದರೆ ಮುಂದೇನು? ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಎದ್ದು ಬನ್ನಿ.

ಬದುಕೇ ಬೇಡವೆನಿಸುವಷ್ಟು ಕಷ್ಟವಾದಾಗ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗಾದರೂ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊರನಾಡಿನಲ್ಲಿರುವ ನಮ್ಮವರಿಗೆ ಈ ಕೊನೆಯದು ಸಣ್ಣ ಅನುಕೂಲವಲ್ಲ. ಹಿಂದಿಯಲ್ಲೋ ಮರಾಠಿಯಲ್ಲೋ ಡ್ಯೂಟಿ ಮಾಡಬಹುದು, ಎದೆಯೊಳಗಿನದನ್ನು ಹೇಳಿಕೊಳ್ಳಲು ಮನೆಯ ಮಾತೇ ಬೇಕು. ಈ ಸಂಖ್ಯೆಯನ್ನು ನಿಮ್ಮ ಗೇಟಿನ ಕಾವಲಿನವರಿಗೂ ಬರೆದುಕೊಡಿ.